ಕಣ್ಣಿಗೆ ಕಾಣದ ಪಟ್ಟಿ

ಕಳೆದ ತಿಂಗಳು ನಮ್ಮ ಮನೆಗೊಂದು ಕಾರು ಬಂದಿತು. ಹೊಸದಲ್ಲ, 2012ರಲ್ಲಿ ನೋಂದಣಿಯಾಗಿ ಇಬ್ಬರ ಕೈ ದಾಟಿ ಬಂದ ಪುಟ್ಟ ಪೆಟ್ರೋಲ್ ಕಾರು. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಮುಂದೆ ಬರುವ ಕಥೆಯಲ್ಲಿ ತಪ್ಪು ಕಾರಿನದಲ್ಲ, ಕೊಂಡವನದು. ಬಂದ ದಿನ ತಾಯಿಯವರು ಆರತಿ ಎತ್ತಿದರು. ನಾಲ್ಕು ಚಕ್ರಗಳಡಿಯಲ್ಲಿ ನಾಲ್ಕು ನಿಂಬೆಹಣ್ಣುಗಳು ಚಪ್ಪಟೆಯಾದುವು. ಮಗಳು ಹಾರನ್ ಒತ್ತಿ ಬೀದಿಗೆಲ್ಲ ಸುದ್ದಿ ಮುಟ್ಟಿಸಿದಳು. ನೆರೆಮನೆಯವರು ಬಂದು ಟೈರನ್ನು ಕಾಲಿನಿಂದ ಒದ್ದು ನೋಡಿ, "ಗಾಡಿ ಚೆನ್ನಾಗಿದೆ" ಎಂದು ತೀರ್ಪಿತ್ತರು. ಟೈರನ್ನು ಒದ್ದರೆ ಎಂಜಿನ್ನಿನ ಆರೋಗ್ಯ ಹೇಗೆ ತಿಳಿಯುವುದೋ ನಾನರಿಯೆ. ಆದರೆ ಕೊಳ್ಳುವ ದಿನ ನಾನೂ ಅದನ್ನೇ ಮಾಡಿದ್ದೆನು.

ಮಾರಿದ ಮಹನೀಯರು ಸಜ್ಜನರು. "ಟೈಮಿಂಗ್ ಬೆಲ್ಟ್ ಕೂಡ ಬದಲಾಯಿಸಿ ಆಗಿದೆ ಸಾರ್. ಇನ್ನು ಪೆಟ್ರೋಲು ಹಾಕುವುದು, ಓಡಿಸುವುದು, ಅಷ್ಟೆ" ಎಂದಿದ್ದರು. ನಾನು ಗಂಭೀರವಾಗಿ ತಲೆದೂಗಿದೆನು. ಆ ಬೆಲ್ಟು ಎಲ್ಲಿರುತ್ತದೆ, ಏನು ಮಾಡುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ತಿಳಿಯದೆಂದು ಹೇಳಲು ಸಂಕೋಚ. ಒಂದು ಓಲೆಗರಿಯ ಪ್ರತಿಯ ಕಾಲವನ್ನು ಹೇಳಿದರೆ "ಆಧಾರವೇನು?" ಎಂದು ತರಗತಿಯಲ್ಲಿ ವಿದ್ಯಾರ್ಥಿಗಳನ್ನು ಗೋಳುಹೊಯ್ದುಕೊಳ್ಳುವ ನಾನು, ಒಂದು ರಶೀದಿಯನ್ನೂ ಕೇಳದೆ ಒಂದೂವರೆ ಲಕ್ಷ ರೂಪಾಯಿ ಎಣಿಸಿ ಬಂದೆನು.

ಉಡುಪಿಯಲ್ಲಿ ನಾದಿನಿಯ ಮದುವೆ. ಶಿವಮೊಗ್ಗದಿಂದ ಆಗುಂಬೆ ಘಟ್ಟ ಇಳಿದು ಸ್ವಂತ ಕಾರಿನಲ್ಲಿ ಮಾವನ ಮನೆಯ ಚಪ್ಪರದ ಮುಂದೆ ನಿಲ್ಲಬೇಕೆಂಬುದು ನನ್ನ ಆಸೆ; ನನ್ನಾಕೆಯ ಆಸೆ ಅದಕ್ಕಿಂತ ಒಂದು ಕೈ ಹೆಚ್ಚು. ಹೊರಡುವುದಕ್ಕೆ ಐದು ದಿನ ಮುಂಚೆ ಎಣ್ಣೆ ಬದಲಾಯಿಸಲು ಗ್ಯಾರೇಜಿಗೆ ಹೋದಾಗ ಅಲ್ಲಿಯ ಮೇಸ್ತ್ರಿ ಕೇಳಿದರು: "ಮೇಷ್ಟ್ರೇ, ಬೆಲ್ಟ್ ಬದಲಾಯಿಸಿದ್ದಕ್ಕೆ ಬಿಲ್ ಇದೆಯೇ?"

"ಇಲ್ಲ. ಆದರೆ ಮಾರಿದವರು ಹೇಳಿದ್ದಾರೆ."

ಅವರು ನಗಲಿಲ್ಲ; ಅಷ್ಟರಮಟ್ಟಿಗೆ ದೊಡ್ಡವರು. "ಮೀಟರಿನಲ್ಲಿ 46,000 ಕಿಲೋಮೀಟರ್ ಇದೆ. ಕ್ಲಚ್ ಪೆಡಲಿನ ರಬ್ಬರ್ ನೋಡಿ, ಸ್ಟಿಯರಿಂಗ್ ನೋಡಿ" ಎಂದರು. ಪೆಡಲಿನ ರಬ್ಬರು ಸವೆದು ನುಣುಪಾಗಿದ್ದಿತು. ಸ್ಟಿಯರಿಂಗು ನಮ್ಮ ಅಜ್ಜಿಯ ಕಾಲದ ಒನಕೆಯಂತೆ ಮಿರುಗುತ್ತಿದ್ದಿತು. ದೂರವನ್ನು ತೋರಿಸುವ ಅಂಕಿಗಳನ್ನು ಹಿಂದಕ್ಕೆ ತಿರುಗಿಸುವ ಕಲೆ ನಮ್ಮಲ್ಲಿ ಅಪರೂಪವೇನಲ್ಲವಂತೆ. ಅವರು ಎಂಜಿನ್ನಿನ ಪಕ್ಕದ ಪ್ಲಾಸ್ಟಿಕ್ ಮುಚ್ಚಳದ ಬೋಲ್ಟುಗಳನ್ನು ಬಿಚ್ಚಿ, ಟಾರ್ಚು ಹಿಡಿದು, "ಬನ್ನಿ, ನೀವೇ ಓದಿ" ಎಂದರು.

ಓದುವುದಕ್ಕೆ ಪಾಂಡಿತ್ಯವೇನೂ ಬೇಕಿರಲಿಲ್ಲ. ಒಳಮೈಯಲ್ಲಿ ಹಲ್ಲುಗಳಿದ್ದ ಕರಿಯ ಪಟ್ಟಿ. ಹಲ್ಲುಗಳ ಬುಡದಲ್ಲಿ ಸಣ್ಣ ಸಣ್ಣ ಬಿರುಕುಗಳು. ಅಂಚಿನಲ್ಲಿ ಎಳೆಯೆಳೆಯಾಗಿ ಬಿಟ್ಟುಕೊಂಡ ನೂಲು. ಸಾಲದುದಕ್ಕೆ ಮೇಲಿನ ಆಯಿಲ್ ಸೀಲಿನಿಂದ ಎಣ್ಣೆ ಜಿನುಗಿ ಒಂದು ಅಂಚು ತೊಯ್ದಿದ್ದಿತು. ರಬ್ಬರಿಗೆ ಎಣ್ಣೆ ಪರಮ ಶತ್ರು.

ಈ ಪಟ್ಟಿಯ ಕೆಲಸವನ್ನು ಮೇಸ್ತ್ರಿಯವರು ತಿಳಿಸಿಕೊಟ್ಟ ಬಗೆಯಲ್ಲಿಯೇ ವಾಚಕರಿಗೆ ಹೇಳುತ್ತೇನೆ. ಎಂಜಿನ್ನಿನ ಕೆಳಗಡೆ ಕ್ರ್ಯಾಂಕ್ ಷಾಫ್ಟು, ಪಿಸ್ಟನ್ನುಗಳನ್ನು ಏರಿಸಿ ಇಳಿಸುವಂಥದು. ಮೇಲುಗಡೆ ಕ್ಯಾಮ್ ಷಾಫ್ಟು, ಗಾಳಿ ಒಳಗೆ ಬರುವ ಮತ್ತು ಹೊಗೆ ಹೊರಗೆ ಹೋಗುವ ವಾಲ್ವುಗಳೆಂಬ ಬಾಗಿಲುಗಳನ್ನು ತೆರೆಯುವಂಥದು. ಕೆಳಗಿನದು ಎರಡು ಸುತ್ತು ತಿರುಗಿದಾಗ ಮೇಲಿನದು ಒಂದೇ ಸುತ್ತು ತಿರುಗಬೇಕು. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ನಾವು ಹರಟುತ್ತ ಸಾಗುವಾಗ ಒಂದೊಂದು ಬಾಗಿಲೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಪಿಸ್ಟನ್ನು ಮೇಲೇರಿ ಬರುವುದರೊಳಗೆ ಬಾಗಿಲು ದಾರಿ ಬಿಟ್ಟು ಸರಿದಿರಬೇಕು. ಮೇಲಿನದಕ್ಕೂ ಕೆಳಗಿನದಕ್ಕೂ ಈ ತಾಳವನ್ನು ಹೊಂದಿಸುವುದು ಆ ರಬ್ಬರಿನ ಪಟ್ಟಿ. ಅದು ಹರಿದರೆ, ಅಥವಾ ನಾಲ್ಕು ಹಲ್ಲು ಉದುರಿದರೆ, ಮೇಲಿನದು ನಿಲ್ಲುತ್ತದೆ. ಕೆಳಗಿನದು ಓಟದ ರಭಸದಲ್ಲಿ ಇನ್ನೂ ತಿರುಗುತ್ತದೆ. ತೆರೆದೇ ನಿಂತ ವಾಲ್ವುಗಳಿಗೆ ಪಿಸ್ಟನ್ನುಗಳು ಹೋಗಿ ಗುದ್ದುತ್ತವೆ. ವಾಲ್ವುಗಳು ಬಾಗುತ್ತವೆ, ಗ್ರಹಚಾರ ಕೆಟ್ಟರೆ ಪಿಸ್ಟನ್ನುಗಳೂ ಒಡೆಯುತ್ತವೆ. ಕೆಲವು ಎಂಜಿನ್ನುಗಳಲ್ಲಿ ಎರಡರ ನಡುವೆ ಸಾಕಷ್ಟು ಎಡೆಯಿರುವುದರಿಂದ ಗಾಡಿ ನಿಂತುಹೋಗುವುದಲ್ಲದೆ ಹೆಚ್ಚಿನ ಅನಾಹುತವಾಗದು. ನಮ್ಮದು ಆ ಪುಣ್ಯವಂತರ ಜಾತಿಯದಲ್ಲ.

ಮುನ್ಸೂಚನೆ ಏನೂ ಇರುವುದಿಲ್ಲವೇ ಎಂದು ಕೇಳಿದೆನು. ಚೈನು ಇರುವ ಎಂಜಿನ್ನಾದರೆ ಸಡಿಲಗೊಂಡಾಗ ಗಲಗಲವೆಂದು ದೂರುತ್ತದೆ. ಬೆಲ್ಟು ಬಹುಮಟ್ಟಿಗೆ ಮೌನವಾಗಿಯೇ ಸಾಯುತ್ತದೆ ಎಂದರು. ನಮ್ಮ ಕಾಲೇಜಿನ ಮಿತ್ರರೊಬ್ಬರ ಕಾರು ಹಿಂದಿನ ವರ್ಷ ಹೀಗೆಯೇ ನಡುದಾರಿಯಲ್ಲಿ ನಿಂತಿತ್ತು. ಅವರು ಕೀಲಿ ತಿರುಗಿಸಿದಾಗಲೆಲ್ಲ ಎಂಜಿನ್ನು ಹಗುರವಾಗಿ ಗಿರ್ರೆಂದು ತಿರುಗುತ್ತಿತ್ತಂತೆ, ಹೊತ್ತಿಕೊಳ್ಳುತ್ತಿರಲಿಲ್ಲ. ಬ್ಯಾಟರಿ ಇಳಿಯುವವರೆಗೂ ತಿರುಗಿಸಿದರು. ಹಾಗೆ ಮಾಡಲೇಬಾರದಂತೆ. ಪ್ರತಿ ಪ್ರಯತ್ನವೂ ಒಳಗೆ ಇನ್ನೊಂದು ಗುದ್ದು.

ಈ ಹಲ್ಲಿನ ಪಟ್ಟಿಯ ಪೂರ್ವಚರಿತ್ರೆ ಸೊಗಸಾಗಿದೆ. 1940ರ ದಶಕದಲ್ಲಿ ಅಮೆರಿಕದಲ್ಲಿ ಇದನ್ನು ರೂಪಿಸಿದ್ದು ಹೊಲಿಗೆ ಯಂತ್ರಕ್ಕಾಗಿ. ಮೇಲಿನ ಸೂಜಿಯೂ ಕೆಳಗಿನ ಬಾಬಿನ್ನೂ ತಾಳ ತಪ್ಪದಿರಲೆಂದು. ಕಾರಿಗೆ ಬಂದುದು ಜರ್ಮನಿಯ ಗ್ಲಾಸ್ 1004 ಎಂಬ ಚಿಕ್ಕ ಗಾಡಿಯಲ್ಲಿ, 1962ರ ಸುಮಾರಿಗೆ. ಚೈನಿಗಿಂತ ಅಗ್ಗ, ಹಗುರ, ನಿಶ್ಶಬ್ದ, ಎಣ್ಣೆಯೂ ಬೇಡ. ನಮ್ಮ ದೇಶದ ಮಾರುತಿ 800, ಹಳೆಯ ಸ್ಯಾಂಟ್ರೋ ಬೆಲ್ಟಿನವು. ಮಾರುತಿಯ ಕೆ ಸರಣಿಯ ಎಂಜಿನ್ನುಗಳು ಚೈನಿನವು. ಹೊರಗಡೆ ಕಾಣುವ ಆಲ್ಟರ್ನೇಟರಿನ ಬೆಲ್ಟನ್ನು ಬದಲಿಸಿ "ಬೆಲ್ಟು ಆಯಿತು" ಎನ್ನುವವರೂ ಉಂಟು. ಅದು ಬೇರೆ, ಇದು ಬೇರೆ.

ಬದಲಿಸುವ ಕಾಲ ಕಾರಿನಿಂದ ಕಾರಿಗೆ ಬೇರೆ. ಕೆಲವಕ್ಕೆ 60,000 ಕಿಲೋಮೀಟರ್, ಕೆಲವಕ್ಕೆ 1,00,000 ಅಥವಾ ಅದಕ್ಕೂ ಹೆಚ್ಚು. ಗಾಡಿಯ ಕೈಪಿಡಿಯನ್ನೇ ನೋಡಬೇಕು. ದೂರದೊಡನೆ ವರ್ಷಗಳ ಲೆಕ್ಕವೂ ಇದೆ. ಓಡದೆ ನಿಂತ ಗಾಡಿಯಲ್ಲಿಯೂ ರಬ್ಬರಿಗೆ ವಯಸ್ಸಾಗದಿರದು. ಮೀಟರನ್ನು ನಂಬಲಾಗದ, ರಶೀದಿಯಿಲ್ಲದ ಹಳೆಯ ಗಾಡಿಯಲ್ಲಿ ಬೆಲ್ಟು ಬದಲಾಗಿಲ್ಲವೆಂದೇ ತಿಳಿದು ಹೊಸದನ್ನು ಹಾಕಿಸುವುದು ಮೇಸ್ತ್ರಿಯವರ ಪದ್ಧತಿ.

ಅವರು ಹೇಳಿದ ಮೊತ್ತ ಏಳು ಸಾವಿರ ಚಿಲ್ಲರೆ. ಬೆಲ್ಟೊಂದರ ಬೆಲೆ ಅಷ್ಟಿಲ್ಲ. ಆದರೆ ಅದನ್ನು ಬಿಗಿಹಿಡಿಯುವ ಟೆನ್ಷನರ್, ಜಿನುಗುತ್ತಿದ್ದ ಸೀಲುಗಳು, ಅಷ್ಟೆಲ್ಲ ಬಿಚ್ಚಿ ಜೋಡಿಸುವ ಕೂಲಿ ಸೇರಿತ್ತು. ಟೆನ್ಷನರಿನ ಬೇರಿಂಗು ಸಿಕ್ಕಿಕೊಂಡರೆ ಹೊಸ ಬೆಲ್ಟೂ ಹರಿಯುತ್ತದೆ. ಇದೇ ಬೆಲ್ಟಿನಿಂದ ನೀರಿನ ಪಂಪು ತಿರುಗುವ ಗಾಡಿಗಳಲ್ಲಿ ಅದನ್ನೂ ಜೊತೆಗೇ ಬದಲಿಸುವುದು ಲೇಸು. ತಿಂಗಳ ಕೊನೆ. ಕೈಯಲ್ಲಿದ್ದುದು ನಾದಿನಿಗೆ ಬೆಳ್ಳಿಯ ದೀಪ ಕೊಳ್ಳಲೆಂದು ತೆಗೆದಿಟ್ಟ ಹಣ. ಉಡುಪಿಗೆ ಹೋಗಿ ಬಂದ ಮೇಲೆ ಮಾಡಿಸಿದರಾಗದೇ ಎಂದು ಮನೆಯಲ್ಲಿ ಮೆಲ್ಲನೆ ಸೂಚಿಸಿದೆನು.

"ರೀ, ಹಿಂದಿನ ಸೀಟಿನಲ್ಲಿ ಕೂರುವವರು ಅತ್ತೆಯವರು, ಮಗು. ಆಗುಂಬೆಯಲ್ಲಿ ಹದಿನಾಲ್ಕು ತಿರುವು. ಎಂಜಿನ್ ನಿಂತರೆ ಬ್ರೇಕು ಹಿಡಿಯುತ್ತದೆಯೇ?" ಎಂದಳು ನನ್ನಾಕೆ.

ಹಿಡಿಯುತ್ತದೆ; ಆದರೆ ಒಂದೆರಡು ಸಲ ಒತ್ತಿದ ಮೇಲೆ ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ. ಸ್ಟಿಯರಿಂಗೂ ಭಾರವಾಗುತ್ತದೆ. ಇದನ್ನು ಆಗಲೇ ಮೇಸ್ತ್ರಿಯವರಿಂದ ಕೇಳಿದ್ದೆನಾದ್ದರಿಂದ ಸುಮ್ಮನಾದೆನು. ಬೆಳ್ಳಿಯ ದೀಪ ಹಿತ್ತಾಳೆಯದಾಯಿತು.

ಮರುದಿನ ಗ್ಯಾರೇಜಿನಲ್ಲಿ ಕುಳಿತು ನೋಡಿದೆನು. ಬಲಗಡೆಯ ಮುಂಚಕ್ರ ಬಿಚ್ಚಿ, ಎಂಜಿನ್ನಿನಡಿ ಮರದ ತುಂಡಿಟ್ಟು ಜಾಕಿನಿಂದ ಆನಿಸಿ, ಮೇಲಿನ ಮತ್ತು ಕೆಳಗಿನ ಗಾಲಿಗಳ ಗುರುತುಗಳನ್ನು ನೇರಕ್ಕೆ ತಂದರು. ಹೊಸ ಬೆಲ್ಟು ಕೂರಿಸಿದ ಮೇಲೆ ಕೀಲಿಯನ್ನು ಮುಟ್ಟಲಿಲ್ಲ. ಸ್ಪ್ಯಾನರು ಹಾಕಿ ಕೈಯಿಂದಲೇ ಎಂಜಿನ್ನನ್ನು ಪೂರ್ತಿ ಎರಡು ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂಡಿದುವೇ ಎಂದು ನೋಡಿದರು. ಒಂದು ಹಲ್ಲು ತಪ್ಪಿದ್ದಿತು! ಏನೂ ಅನ್ನದೆ ಬಿಚ್ಚಿ ಮತ್ತೊಮ್ಮೆ ಕೂರಿಸಿದರು. ಹೊರಡುವಾಗ ದಿನಾಂಕ, ಕಿಲೋಮೀಟರುಗಳನ್ನು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಮೈಗೆ ಅಂಟಿಸಿದರು, ರಶೀದಿಯನ್ನೂ ಕೊಟ್ಟರು.

ಘಟ್ಟ ಇಳಿದೆವು. ಮದುವೆ ಸಾಂಗವಾಗಿ ನಡೆಯಿತು. ಹಿಂದಿರುಗಿದ ಮೇಲೆ, ಮಾರಿದ ಮಹನೀಯರಿಗೆ ದೂರವಾಣಿ ಮಾಡಿ ನಾಲ್ಕು ಮಾತು ಬಿರುಸಾಗಿಯೇ ಕೇಳಿದೆನು. ಅವರು ಸ್ವಲ್ಪ ಹೊತ್ತು ಮಾತಿಲ್ಲದೆ ಇದ್ದು, "ಅಯ್ಯೋ ಸಾರ್, ನನಗೆ ಮಾರಿದವರೂ ಬೆಲ್ಟ್ ಆಗಿದೆ ಅಂತಲೇ ಹೇಳಿದ್ದರು" ಎಂದರು. ಸುಳ್ಳೆನಿಸಲಿಲ್ಲ. ಆಮೇಲೆ ದನಿ ತಗ್ಗಿಸಿ ಕೇಳಿದರು: "ಸಾರ್, ನಾನೀಗ ಕೊಂಡಿರುವುದೂ ಸೆಕೆಂಡ್ ಹ್ಯಾಂಡ್ ಗಾಡಿಯೇ. ಆ ಮೇಸ್ತ್ರಿಯ ಗ್ಯಾರೇಜು ಎಲ್ಲಿದೆ?"