ಖಾಲಿ ತೋಟೆಗೆ ಮದ್ದು ತುಂಬುವುದನ್ನು ನಿಲ್ಲಿಸಿ

"ಎಂತ ಆಗ್ತದೆ ಮಾರಾಯ್ರೆ, ಅಜ್ಜನ ಕಾಲದಿಂದ ಮಾಡಿಕೊಂಡು ಬಂದದ್ದಲ್ವಾ?" ಕಾರ್ಕಳ, ಹೆಬ್ರಿ ಕಡೆ ಖಾಲಿ ತೋಟೆಗೆ ಮನೆಯಲ್ಲೇ ಮದ್ದು ತುಂಬುವವರನ್ನು ಕೇಳಿದರೆ ಬರುವ ಉತ್ತರ ಇದು. ಇಷ್ಟು ವರ್ಷ ಏನೂ ಆಗಿಲ್ಲವೆಂದರೆ ಕೆಲಸ ಸರಿಯಾಗಿದೆ ಎಂದಲ್ಲ, ಅದೃಷ್ಟ ಕೈಹಿಡಿದಿದೆ ಎಂದಷ್ಟೇ.

ಅಜ್ಜ ತುಂಬುತ್ತಿದ್ದದ್ದು ಕೇಪಿನ ಕೋವಿಗೆ, ಅದೂ ಕರಿಮದ್ದು. ಈಗಿನ 12 ಬೋರ್ ತೋಟೆಯಲ್ಲಿರುವುದು ಹೊಗೆಯಿಲ್ಲದ ಮದ್ದು. ಅದರ ಶಕ್ತಿ ಎಷ್ಟೋ ಪಾಲು ಹೆಚ್ಚು. ಕರಿಮದ್ದಿನ ಅಳತೆಯ ಚಿಪ್ಪಿನಲ್ಲೇ ಇದನ್ನೂ ಅಳೆದು ಸುರಿದರೆ ನಳಿಗೆ ಸೀಳುತ್ತದೆ. ಸೀಳುವ ಜಾಗ ನಿಮ್ಮ ಎಡಗೈ ಹಿಡಿತದ ಹತ್ತಿರ, ಮುಖದಿಂದ ಒಂದೆರಡು ಗೇಣು ದೂರ.

ಇನ್ನು ತೋಟೆಯ ಬಾಯಿ ಬಿಗಿಯುವ ಕೆಲಸ. ಕಾರ್ಖಾನೆಯಲ್ಲಿ ಬಾಯಿಯನ್ನು ಆರೋ ಎಂಟೋ ಮಡಿಕೆಯಾಗಿ ಒಳಕ್ಕೆ ಮಡಚುತ್ತಾರೆ. ಒಮ್ಮೆ ಸುಟ್ಟ ತೋಟೆಯ ಅಂಚು ಸಡಿಲಗೊಂಡು ಬಿರುಕು ಬಿಟ್ಟಿರುತ್ತದೆ. ಅದರ ಮೇಲೆ ರಟ್ಟು ಇಟ್ಟು, ಮೇಣ ಸುರಿದು, "ಗಟ್ಟಿಯಾಯಿತು" ಎನ್ನುತ್ತೀರಿ. ಬಿಗಿ ಸಾಲದಿದ್ದರೆ ಒತ್ತಡ ಏರದೆ ಮದ್ದು ಅರೆಬರೆ ಉರಿಯುತ್ತದೆ, ಮದ್ದು, ಚರೆಗಳ ನಡುವಿನ ಅಡ್ಡಬಿಲ್ಲೆ ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಸದ್ದು ಸಣ್ಣದಾಯಿತೆಂದು ಇನ್ನೊಂದು ತೋಟೆ ಹಾಕಿ ಕುದುರೆ ಎಳೆದರೆ ಅನಾಹುತ ಅಲ್ಲೇ.

ಉಡುಪಿ, ಕಾಪು ಪೇಟೆಯಲ್ಲಿ ಸ್ವರಕ್ಷಣೆಗೆಂದು .32 ರಿವಾಲ್ವರ್ ಇಟ್ಟುಕೊಂಡವರಿಗೂ ಇದೇ ಮಾತು. ಅದರಲ್ಲಿ ಒಂದು ಗುಂಡು ಹಾರಿದಾಗ ಹಿಂದೊದೆತ ಉಳಿದ ಗುಂಡುಗಳನ್ನೂ ಅಲುಗಿಸುತ್ತದೆ. ತೋಟೆಯ ಅಂಚು ಗುಂಡನ್ನು ಕಚ್ಚಿ ಹಿಡಿದಿರದಿದ್ದರೆ ಅದು ಮುಂದೆ ಜಾರಿ ಉರುಳೆಯಿಂದ ಹೊರಚಾಚುತ್ತದೆ, ಉರುಳೆ ತಿರುಗುವುದೇ ಇಲ್ಲ. ಪ್ರಾಣ ಉಳಿಸಲೆಂದು ಇಟ್ಟುಕೊಂಡ ಆಯುಧ ಬೇಕಾದ ಹೊತ್ತಿಗೆ ಬರೀ ಕಬ್ಬಿಣದ ತುಂಡು.

ಮಣಿಪಾಲದ ರಜತಾದ್ರಿಯ ಜಿಲ್ಲಾಧಿಕಾರಿ ಕಚೇರಿಗೆ ಅಲೆದು ಪಡೆದ ಪರವಾನಗಿ ಆಯುಧ ಇಟ್ಟುಕೊಳ್ಳಲು ಮಾತ್ರ. ತೋಟೆ ತಯಾರಿಸಲು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬೇರೆಯೇ ಪರವಾನಗಿ ಬೇಕು. ಇಲ್ಲದೆ ತಯಾರಿಸಿದರೆ, 2019ರ ತಿದ್ದುಪಡಿಯ ಬಳಿಕ, ಕನಿಷ್ಠ 7 ವರ್ಷ ಸೆರೆವಾಸ, ಗರಿಷ್ಠ ಜೀವಾವಧಿ. ತೋಟೆಗೆ ಕೊಡುವ ನಾಲ್ಕು ಕಾಸು ಉಳಿಸಲು ಇಷ್ಟು ಬೆಲೆ ತೆರಬೇಕೇ?

ಬೆಳೆ ಕಾಯಲು ಕೋವಿ ಇಟ್ಟುಕೊಂಡವರಿಗೆ ಹಂದಿ ಅಡಿಕೆ ಸಸಿ ಬುಡಮೇಲು ಮಾಡುವ, ಮಂಗ ಸಿಯಾಳ ಕೆಡಹುವ ಸಂಕಟ ನಿಜ. ಆದರೆ ಆ ಸಂಕಟ ನಿಮ್ಮ ಉದಾಸೀನಕ್ಕೆ ನೆಪವಾಗಕೂಡದು. ಮದ್ದಿನ ಡಬ್ಬಿ ಅಟ್ಟದಲ್ಲಿ, ಮಕ್ಕಳು ಕೆಳಗೆ ಜಗಲಿಯಲ್ಲಿ. ಬೀಡಿ ಸೇದುತ್ತಾ ತೋಟೆ ತುಂಬುವ ನಿಮಗೆ ಇದು ಕಾಣುವುದಿಲ್ಲವೇ?

ಪರವಾನಗಿ ಇರುವ ಅಂಗಡಿಯಿಂದಲೇ ತೋಟೆ ಕೊಳ್ಳಿ, ರಸೀದಿ ಇಟ್ಟುಕೊಳ್ಳಿ. ಸುಟ್ಟ ತೋಟೆಯನ್ನು ಮತ್ತೆ ತುಂಬಬೇಡಿ. ಸಿಡಿದ ನಳಿಗೆ ತುಂಬಿದವನ ಕೈಯನ್ನಷ್ಟೇ ಹುಡುಕಿ ಹೋಗುವುದಿಲ್ಲ, ಪಕ್ಕದಲ್ಲಿ ನಿಂತ ಮಗನನ್ನೂ ಬಿಡುವುದಿಲ್ಲ.