ಇಲಿಗೆ ಗುಣವಾದರೆ ಅಜ್ಜಿಗೆ ಗುಣವಾಯಿತೇ?

‘ಮುಪ್ಪಿಗೆ ಮದ್ದು ಸಿಕ್ಕಿತು’ ಎಂಬ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತದೆ. ತಲೆಬರಹದಲ್ಲಿ ಮನುಷ್ಯ, ಕೊನೆಯ ಸಾಲಿನಲ್ಲಿ ಇಲಿ. ನಮ್ಮ ವಾಚನಾಲಯದಲ್ಲಿ ಆ ಕೊನೆಯ ಸಾಲಿನವರೆಗೆ ಓದುವವರು ಎಷ್ಟು ಮಂದಿ ಉಂಟು? ನನ್ನ ತಕರಾರು ಇಲಿಯ ಮೇಲಲ್ಲ, ವಿಜ್ಞಾನಿಯ ಮೇಲೂ ಅಲ್ಲ. ಇಲಿಗೆ ಆದದ್ದನ್ನು ಅಜ್ಜ ಅಜ್ಜಿಯರ ಹೆಸರಿಗೆ ಬರೆದು ದುಡ್ಡು ಮಾಡುವವರ ಮೇಲೆ.

ಇಲಿಯೇ ಯಾಕೆ ಎಂದು ಕೇಳ್ತೀರಿ. ಸುಂಡಿಲಿಯ ಆಯುಸ್ಸು ಎರಡು ಮೂರು ವರ್ಷ. ಹುಟ್ಟು, ಮುಪ್ಪು, ಸಾವು ಎಲ್ಲವನ್ನೂ ಅಷ್ಟರೊಳಗೆ ನೋಡಬಹುದು. ಮನುಷ್ಯರ ಮೇಲೆ ಇದೇ ಪರೀಕ್ಷೆ ಮಾಡ್ಲಿಕ್ಕೆ ಹೊರಟರೆ ಪರೀಕ್ಷೆ ಮಾಡುವವನೇ ಮೊದಲು ಹೋಗಿರ್ತಾನೆ.

ಆದರೆ ಆಲ್ಝೈಮರ್ ಮರೆವಿನ ಕತೆ ನೋಡಿ. ಮಾಮೂಲಿ ಸುಂಡಿಲಿಗೆ ಎಷ್ಟು ವಯಸ್ಸಾದರೂ ಆ ಕಾಯಿಲೆ ತಾನಾಗಿ ಬರುವುದಿಲ್ಲ. ಹಾಗಾಗಿ ಮನುಷ್ಯನ ಜೀನನ್ನು ಇಲಿಗೆ ಸೇರಿಸಿ, ಅದರ ಮಿದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಗಟ್ಟಿಯಾಗಿ ಕೂರುವ ಹಾಗೆ ಮಾಡಿದರು. 1999ರಲ್ಲಿ ಅಂಥ ಇಲಿಗಳಿಗೆ ಲಸಿಕೆ ಕೊಟ್ಟಾಗ ಆ ಗಟ್ಟಿ ಕಡಿಮೆಯಾಯಿತು. ಮುಂದೆ ಮನುಷ್ಯರಿಗೆ ಕೊಟ್ಟರು. ಲಸಿಕೆ ಪಡೆದ ಸುಮಾರು 300 ಮಂದಿಯಲ್ಲಿ 18 ಮಂದಿಗೆ ಮಿದುಳಿನ ಉರಿಯೂತ ಬಂತು, 2002ರಲ್ಲಿ ನಿಲ್ಲಿಸಬೇಕಾಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಲಸಿಕೆ ಪಡೆದವರಲ್ಲಿ ಕೆಲವರ ಮಿದುಳನ್ನು ಅವರು ತೀರಿಕೊಂಡ ಮೇಲೆ ಪರೀಕ್ಷಿಸಿ 2008ರಲ್ಲಿ ವರದಿ ಪ್ರಕಟಿಸಿದರು: ಅಮಿಲಾಯ್ಡ್ ಹೆಚ್ಚುಕಡಿಮೆ ಪೂರಾ ಹೋದವರಲ್ಲೂ ಮರೆವು ಮಾತ್ರ ಕೊನೆಯವರೆಗೆ ಹೆಚ್ಚುತ್ತಲೇ ಇತ್ತು! ಇಲಿಗೆ ಇದ್ದದ್ದು ನಾವು ಹಚ್ಚಿದ ಕಾಯಿಲೆ, ಅಜ್ಜಿಗೆ ಇರುವುದು ಎಂಬತ್ತು ವರ್ಷ ಬಾಳಿ ಬಂದ ಕಾಯಿಲೆ.

ಆ ದಾರಿಯೇ ಸುಳ್ಳು ಎನ್ನುತ್ತಿಲ್ಲ. ಅದರಲ್ಲೇ ಮುಂದೆ ಬಂದ ಲೆಕಾನೆಮ್ಯಾಬ್‌ಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಮರೆವಿನ ವೇಗ ಸ್ವಲ್ಪ ತಗ್ಗಿಸುತ್ತದೆ, ನಿಲ್ಲಿಸುವುದಿಲ್ಲ. ಇಲಿಯಿಂದ ಅಲ್ಲಿಗೆ ಬರ್ಲಿಕ್ಕೆ ಇಪ್ಪತ್ತು ವರ್ಷ ದಾಟಿತು.

ಸರಿಯಾಗಿ ಕೆಲಸ ಮಾಡುವವರೂ ಇದ್ದಾರೆ. ಅಮೆರಿಕದ ಮೈನ್, ಮಿಷಿಗನ್, ಟೆಕ್ಸಾಸ್‌ಗಳ ಮೂರು ಲ್ಯಾಬುಗಳು ಒಂದೇ ಮದ್ದನ್ನು ಒಟ್ಟಿಗೆ ಪರೀಕ್ಷಿಸುತ್ತವೆ, ಒಂದು ಕಡೆಯ ತಪ್ಪು ಇನ್ನೊಂದು ಕಡೆ ಗೊತ್ತಾಗಲಿ ಎಂದು. 600 ದಿನ ದಾಟಿದ ಮುದಿ ಇಲಿಗಳಿಗೂ ರಾಪಮೈಸಿನ್ ಆಯುಸ್ಸು ಹೆಚ್ಚಿಸಿತೆಂದು 2009ರಲ್ಲಿ ಹೇಳಿದವರು ಇವರೇ. ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್ ಅವರ ಇಲಿಗಳ ಆಯುಸ್ಸು ಹೆಚ್ಚಿಸಲಿಲ್ಲ ಎಂದವರೂ ಇವರೇ. ಆದರೂ ಅದರ ಬಾಟ್ಲಿ ಇವತ್ತಿಗೂ ಮಾರಾಟಕ್ಕುಂಟು. ನಮ್ಮ ನೆರೆಯವರೊಬ್ಬರು ಅಡಿಕೆ ಮಾರಿದ ಹಣದಲ್ಲಿ ತಾಯಿಗೆ ‘ನೆನಪಿನ ಮಾತ್ರೆ’ ಆರು ತಿಂಗಳು ತರಿಸಿದರು. ‘ಸಂಶೋಧನೆಯಿಂದ ಸಾಬೀತು’ ಎಂದು ಡಬ್ಬಿಯಲ್ಲಿ ಅಚ್ಚು ಹಾಕಿತ್ತು. ಯಾರ ಮೇಲೆ ಸಾಬೀತು ಮಾರಾಯ್ರೇ? ಅದು ಮಾತ್ರ ಎಲ್ಲಿಯೂ ಇರಲಿಲ್ಲ.

ಮಾಷ್ಟ್ರುಗಳಲ್ಲಿ ಒಂದು ಕೇಳಿಕೆ. ಇಂಥ ಸುದ್ದಿ ಬಂದ ದಿನ ‘ಇಲಿ’ ಎಂಬ ಪದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಪೇಪರನ್ನು ಮೇಜಿನ ಮೇಲಿಡಿ. ಇಲಿಗಳು ಎಳೆಯವೋ ಮುದಿಯವೋ, ಬೇರೆ ಲ್ಯಾಬಿನಲ್ಲೂ ಅದೇ ಫಲ ಬಂತೋ, ಮನುಷ್ಯರಿಗೆ ಕೊಟ್ಟು ನೋಡಿದ್ದಾರೋ ಎಂದು ಮಕ್ಕಳ ಕೈಯಲ್ಲಿ ಹುಡುಕಿಸಿ. ಮದ್ದು ತರುವವರು ಆಮೇಲೆ ತರಲಿ.