ನೇಯ್ದವರ ಹೆಸರಿಗೆ ಜಾಗವಿಲ್ಲದ ಅರ್ಜಿ

ನಾಸಿಕ್ ಜಿಲ್ಲೆಯ ಯೇವಲಾದಲ್ಲಿ ಮಗ್ಗದ ಮುಂದೆ ಬೆನ್ನು ಬಗ್ಗಿಸಿ ನೇಯ್ದ ಪೈಠಣಿ ಸೀರೆ ಇವತ್ತು ಅಂಚೆಯಲ್ಲಿ ಪರದೇಶಕ್ಕೆ ಹೊರಡಬೇಕಾದರೆ, ಸೀರೆಗಿಂತ ಮೊದಲು ಅದರ ಜಾತಕ ಹೊರಡಬೇಕು. ಕಳಿಸುವವರು ಯಾರು, ಪಡೆಯುವವರು ಯಾರು, ಒಳಗೇನಿದೆ, ತೂಕವೆಷ್ಟು, ಬೆಲೆಯೆಷ್ಟು, ಸರಕಿನ ಬಗೆ ಗುರುತಿಸುವ ಎಚ್‌ಎಸ್ ಕೋಡ್ ಯಾವುದು, ಎಲ್ಲವೂ ಕಂಪ್ಯೂಟರಿನಲ್ಲಿ ಮುಂಚೆಯೇ ಆ ದೇಶದ ಕಸ್ಟಮ್ಸ್‌ಗೆ ಸೇರಬೇಕು. ಸೇರದಿದ್ದರೆ ಪಾರ್ಸೆಲ್ ಇಲ್ಲೇ ನಿಲ್ಲಬಹುದು, ಅಲ್ಲಿಂದ ವಾಪಸೂ ಬರಬಹುದು.

ಈ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಫೆಂಟನಿಲ್ ಎಂಬ ಮಾದಕ ವಿಷ ಅಂಚೆ ಲಕೋಟೆಗಳಲ್ಲಿ ನುಸುಳಿ ಜನರನ್ನು ಕೊಲ್ಲುತ್ತಿದ್ದಾಗ ಅಮೆರಿಕ 2018ರಲ್ಲಿ ಈ ಮುಂಗಡ ವಿವರ ಕೇಳುವ ‘ಸ್ಟಾಪ್’ ಕಾಯ್ದೆ ತಂದಿತು. 2021ರ ಮಾರ್ಚ್‌ನಲ್ಲಿ ಐರೋಪ್ಯ ಒಕ್ಕೂಟವೂ ಸರಕು ವಿಮಾನ ಏರುವ ಮೊದಲೇ ವಿವರ ಕೇಳುವ ‘ಐಸಿಎಸ್2’ ವ್ಯವಸ್ಥೆ ಆರಂಭಿಸಿತು. ಆ ಸಾವುಗಳ ನೋವು ನಿಜ. ವಿಮಾನದ ಸುರಕ್ಷತೆಯೂ ಬೇಕು. ನನ್ನ ಸಿಟ್ಟು ತಪಾಸಣೆಯ ಮೇಲಲ್ಲ, ಅದರ ಭಾರವನ್ನು ಯಾರ ಹೆಗಲಿಗೆ ಹೊರಿಸಲಾಗಿದೆ ಎಂಬುದರ ಮೇಲೆ.

ಛತ್ರಪತಿ ಸಂಭಾಜಿನಗರದ ವಾಳೂಜ್, ಶೇಂದ್ರಾಗಳ ದೊಡ್ಡ ಕಾರ್ಖಾನೆಗೆ ಕಸ್ಟಮ್ಸ್ ಏಜೆಂಟರಿದ್ದಾರೆ, ಕಾಗದಪತ್ರಕ್ಕೆಂದೇ ಸಿಬ್ಬಂದಿಯಿದ್ದಾರೆ. ಅದೇ ಜಿಲ್ಲೆಯ ಪೈಠಣದಲ್ಲಿ ಸೀರೆ ನೇಯುವವರಿಗೆ, ನಗರದ ಓಣಿಯಲ್ಲಿ ಹಿಮ್ರೂ ನೇಯುವವರಿಗೆ ಯಾರಿದ್ದಾರೆ? 2022ರಲ್ಲಿ ಅಂಚೆ ಇಲಾಖೆ ‘ಡಾಕ್ ಘರ್ ನಿರ್ಯಾತ್ ಕೇಂದ್ರ’ಗಳನ್ನು ತೆರೆಯಿತು. ಸಣ್ಣವರೂ ಅಂಚೆಯಿಂದಲೇ ರಫ್ತು ಮಾಡಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ರಫ್ತಿಗೆ ಬೇಕಾದ ಐಇಸಿ ಸಂಖ್ಯೆ ಪಡೆದು, ರಫ್ತು ಬಿಲ್ ತುಂಬಿ, ಇಂಗ್ಲಿಷಿನಲ್ಲಿ ವಿವರ ಬರೆಯಲು ಬಾರದವರಿಗೆ ಆ ಬಾಗಿಲು ಗೋಡೆಯಷ್ಟೇ ಗಟ್ಟಿ. ಅವರು ಮತ್ತೆ ದಲ್ಲಾಳಿಯ ಅಂಗಡಿಗೇ ಹೋಗಬೇಕು. ಕಸ್ಟಮ್ಸ್ ಅರ್ಜಿಯಲ್ಲಿ ಕಳಿಸುವವರ ಹೆಸರೆಂದು ಅಂಗಡಿಯವನ ಹೆಸರು ಬೀಳುತ್ತದೆ. ರೇಷ್ಮೆಗೆ ಕೋಡ್ ಉಂಟು, ನೇಯ್ದವರಿಗೆ ಒಂದು ಸಾಲೂ ಇಲ್ಲ.

ಮನುಷ್ಯನನ್ನು ಲೆಕ್ಕಕ್ಕೇ ಹಿಡಿಯದ ವ್ಯವಸ್ಥೆಯ ವಿರುದ್ಧ ಅಂಬೇಡ್ಕರ್ 1935ರ ಅಕ್ಟೋಬರ್ 13ರಂದು ಗುಡುಗಿದ್ದು ಇದೇ ಯೇವಲಾದಲ್ಲಿ. ಹಿಂದೂವಾಗಿ ಸಾಯುವುದಿಲ್ಲ ಎಂದು ಅವರು ಘೋಷಿಸಿದ ನೆಲದಲ್ಲಿ, ಸರಕಿನ ಗ್ರಾಂ ಗ್ರಾಮಿಗೂ ಲೆಕ್ಕವಿಟ್ಟು ದುಡಿದ ಕೈಯನ್ನು ಬಿಟ್ಟುಬಿಡುವ ದಾಖಲೆಯನ್ನು ನಾವು ಹೇಗೆ ಒಪ್ಪುವುದು?

ಮೇಲಿನವರ ತೀರ್ಮಾನಕ್ಕೆ ಕೆಳಗಿನವರು ಹೇಗೆ ಬೆಲೆ ತೆರುತ್ತಾರೆಂಬುದು 2025ರಲ್ಲಿ ಕಂಡಿತು. 800 ಡಾಲರ್‌ವರೆಗಿನ ಸರಕಿಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ ಆಗಸ್ಟ್ 29ರಿಂದ ರದ್ದುಮಾಡಿತು. ಸುಂಕ ಯಾರು ವಸೂಲಿ ಮಾಡಬೇಕು, ಹೇಗೆ ಕಟ್ಟಬೇಕು ಎಂಬುದೇ ಸ್ಪಷ್ಟವಿರಲಿಲ್ಲ. ವಿಮಾನ ಸಂಸ್ಥೆಗಳು ಹಿಂದೆ ಸರಿದವು, ನಮ್ಮ ಅಂಚೆ ಅಮೆರಿಕಕ್ಕೆ ಹೋಗುವ ಪಾರ್ಸೆಲ್‌ಗಳನ್ನು ನಿಲ್ಲಿಸಿತು. ಸೇವೆ ಮರಳಿದ್ದು ಅಕ್ಟೋಬರ್ 15ಕ್ಕೆ. ಅಷ್ಟರಲ್ಲಿ ದಸರಾ ಮುಗಿದಿತ್ತು, ದೀಪಾವಳಿಗೆ ವಾರವೂ ಉಳಿದಿರಲಿಲ್ಲ. ಹಬ್ಬದ ವ್ಯಾಪಾರವನ್ನೇ ನಂಬಿದವರ ನಷ್ಟಕ್ಕೆ ಯಾವ ದೇಶ ಹೊಣೆ?

ಇದು ಮರಾಠಿ ನೆಲದ ಕಷ್ಟ ಮಾತ್ರವಲ್ಲ. ಈಗ ಛತ್ರಪತಿ ಸಂಭಾಜಿನಗರವಾಗಿರುವ ಔರಂಗಾಬಾದ್ ಮತ್ತು ನಮ್ಮ ಬೀದರ್ 1956ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಬೀದರಿನ ಬಿದರಿ ಕೆಲಸಗಾರರೂ ಇಳಕಲ್ಲಿನ ನೇಕಾರರೂ ಇದೇ ಅರ್ಜಿಯ ಮುಂದೆ ನಿಂತಿದ್ದಾರೆ.

ವಿದೇಶದ ಕಸ್ಟಮ್ಸ್‌ಗೆ ಇಂಗ್ಲಿಷ್ ಬೇಕಿರಬಹುದು. ಅದಕ್ಕಾಗಿ ನೇಕಾರರು ಇಂಗ್ಲಿಷ್ ಕಲಿತು ಬರಬೇಕಿಲ್ಲ, ನಡುವೆ ಅಂಚೆ ಕೌಂಟರ್ ಇರುವುದೇ ಅದಕ್ಕೆ. ಕನ್ನಡ, ಮರಾಠಿ, ಉರ್ದುವಿನಲ್ಲಿ ಹೇಳಿದ್ದನ್ನು ಕೇಳಿ, ಸರಿಯಾದ ಕೋಡ್ ಹುಡುಕಿ, ಅರ್ಜಿ ತುಂಬಿಕೊಡುವುದು ಅಂಚೆ ಸಿಬ್ಬಂದಿಯ ಕರ್ತವ್ಯವಾಗಲಿ. ಅದಕ್ಕೆ ಬೇಕಾದ ಜನರನ್ನು ಸರ್ಕಾರ ನೇಮಿಸಲಿ. ಕೋಡ್ ತಪ್ಪಿ ವಾಪಸಾದ ಪಾರ್ಸೆಲ್‌ನ ಖರ್ಚನ್ನು ಇಲಾಖೆ ಹೊರಲಿ. ನೇಯ್ದವರ ಹೆಸರು ಕಡ್ಡಾಯವಾಗಿ ದಾಖಲೆಗೆ ಬರಲಿ. ಇದು ಕೃಪೆಯ ಬೇಡಿಕೆಯಲ್ಲ. ಕೈಮಗ್ಗವನ್ನು ದೇಶದ ಹೆಮ್ಮೆಯೆಂದು ವೇದಿಕೆಯಲ್ಲಿ ಹೊಗಳುವ ಸರ್ಕಾರ ಕೈಮಗ್ಗದವರಿಗೆ ತೀರಿಸಬೇಕಾದ ಬಾಕಿ. ಅದನ್ನು ವಸೂಲಿ ಮಾಡದೆ ನಾವು ಬಿಡಬಾರದು.